ಭಾನುವಾರದ ಪಗಾರದ ಚರ್ಚೆಗೆ ಬರೂ ಮೊದಲ

ಬನಹಟ್ಟಿಯ ಗೆಳೆಯರಿಗೆಲ್ಲಾ ನಮಸ್ಕಾರ್ರೀ. ನಿನ್ನೆ ಗುಂಪಿನ್ಯಾಗ ಬಂದ, ನಮ್ಮ ಕೂಲಿಗಿಂತ ಹೆಚ್ಚು ಕಾಣೂ ‘ದೇಶದ ಸರಾಸರಿ ಪಗಾರ’ ನೋಡಿ ಯಾರೂ ಮನಸ್ಸು ಸಣ್ಣ ಮಾಡ್ಕೋಬ್ಯಾಡ್ರಿ. ನಾಲ್ವರಿಗೆ ತಲಾ 12,000, ಮ್ಯಾನೇಜರಿಗೆ 80,000 ಇದ್ರ ಸರಾಸರಿ 25,600 ಆಗ್ತದ. ಆ ನಾಲ್ವರ ಪೈಕಿ ಒಬ್ಬರ ಕೈಗೂ ಅಷ್ಟು ಬಂದಿರೂದಿಲ್ಲ.

ರಾಜ್ಯದಾಗ ಉದ್ಯೋಗ ಖಾತ್ರಿ ಕೂಲಿ 2024ರ ಏಪ್ರಿಲ್‌ನಿಂದ ದಿನಕ್ಕ 349 ರೂಪಾಯಿ ಇತ್ತು, 2025ರ ಏಪ್ರಿಲ್‌ಗೆ 370 ಆತು. ಬೆಲೆ ಏರಿಕೆ ಕಳೆದು ಉಳಿದದ್ದೇ ಖರೇ ಹೆಚ್ಚಳ. ಕಬ್ಬಿನ ಹಂಗಾಮಿನ್ಯಾಗ ಆಳು ಸಿಗೂದಿಲ್ಲ, ಕೂಲಿ ಏರ್ತದ. ಮಗ್ಗದ್ದು ಬ್ಯಾರೆ: ಕರೆಂಟ್ ಹೋಗಿ ಲಾಳಿ ನಿಂತ್ರ ನೇಯ್ದ ಬಟ್ಟಿಯ ಮೀಟರ್ ಕಡಿಮಿ, ಕೂಲಿನೂ ಕಡಿಮಿ.

ಮುಂಜಾನೆ 10ಕ್ಕ ಕೂಡೋಣು. ಮೂರು ತಿಂಗಳ ಕೂಲಿ ಚೀಟಿ ತರ್ರಿ. ಮನ್ಯಾಗ ಹೆಣ್ಣುಮಕ್ಕಳು ಕಂಡಿಕಿ (ಲಾಳಿಗೆ ಹಾಕೂ ನೂಲಿನ ಸುರುಳಿ) ಸುತ್ತೂ ಕೂಲಿನೂ ಬರಕೊಂಡು ಬರ್ರಿ, ಅದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ.