ಬೀಟಾ ಮುಗಿಯಿತು, ನೀನು ಬರಲಿಲ್ಲ

ಕಲಬುರಗಿ
18 ಆಗಸ್ಟ್ 2025

ದೋಸ್ತ,

ಫೋನ್ ಮಾಡಿದರೆ ಮೀಟಿಂಗ್ ಅನ್ನುತ್ತೀಯ. ಮೆಸೇಜ್ ಹಾಕಿದರೆ ಹೆಬ್ಬೆರಳು ಕಳಿಸುತ್ತೀಯ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ, ಎಲ್ಲರಿಗೂ ಕಾಣುವ ಹಾಗೆ. ಓದದೆ ತಪ್ಪಿಸಿಕೊಳ್ಳಲು ಆಗಬಾರದು ನೋಡು.

ಇವತ್ತು ಶ್ರಾವಣದ ನಾಲ್ಕನೇ ಸೋಮವಾರ. ಅವ್ವ ಬೆಳಿಗ್ಗೆಯೇ ಶರಣಬಸಪ್ಪನ ಗುಡಿಗೆ ಹೋಗಿದ್ದಾಳೆ. ನಾನು ಮನೆಯಲ್ಲಿ ಬಲಗೈ ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದೇನೆ. ಬ್ಯಾಟಲ್‌ಫೀಲ್ಡ್ 6 ಅನ್ನೋ ಯುದ್ಧದ ಕಂಪ್ಯೂಟರ್ ಆಟದ ಬೀಟಾ, ಅಂದರೆ ಬಿಡುಗಡೆಗೆ ಮೊದಲು ಆಡಿ ನೋಡಲು ಕೊಟ್ಟ ಪರೀಕ್ಷಾ ಆವೃತ್ತಿ, ನಿನ್ನೆಗೆ ಮುಗಿಯಿತು. ಎರಡು ವಾರ, ಶನಿವಾರ ಭಾನುವಾರ ಅಂತ ಶುರುವಾಗಿ ಎರಡನೇ ವಾರ ಗುರುವಾರದಿಂದಲೇ ಕೂತೆ. ಮಣಿಕಟ್ಟು ಅದರ ಬಾಕಿ ವಸೂಲಿ ಮಾಡುತ್ತಿದೆ. "ಹೆಂಗದ, ರೊಕ್ಕ ಹಾಕಬಹುದಾ" ಅಂತ ಕೇಳಿದ್ದೆಯಲ್ಲ, ಹೇಳುತ್ತೇನೆ. ಆದರೆ ಮೊದಲು ನನ್ನ ಕಂಪ್ಯೂಟರ್ ಸತ್ತು ಬದುಕಿದ ಕಥೆ ಕೇಳು.

ಆಟ ಡೌನ್‌ಲೋಡ್ ಆಗಿ, ತೆರೆದರೆ ಒಂದೇ ಸಾಲು: ಸೆಕ್ಯೂರ್ ಬೂಟ್ ಆನ್ ಮಾಡಿ. ಮೋಸದ ಆಟಗಾರರನ್ನು ತಡೆಯುವ ಜಾವೆಲಿನ್ ಅನ್ನೋ ವ್ಯವಸ್ಥೆ ಇದರಲ್ಲಿದೆ. ಕಂಪ್ಯೂಟರ್ ಶುರುವಾಗುವಾಗ ನಡುವೆ ಯಾವ ಕಳ್ಳ ಸಾಫ್ಟ್‌ವೇರ್ ಕೂಡ ನುಸುಳಿಲ್ಲ ಅನ್ನುವುದು ಖಾತ್ರಿ ಆಗದೆ ಅದು ಒಳಗೆ ಬಿಡುವುದಿಲ್ಲ. ಸರಿ, ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ ಬಯೋಸ್‌ಗೆ ಹೋದೆ. ಯಾವುದೋ ವಿಡಿಯೋದಲ್ಲಿ ಹೇಳಿದ ಹಾಗೆ ಸಿಎಸ್‌ಎಂ (ಹಳೆಯ ಪದ್ಧತಿಯಲ್ಲಿ ಕಂಪ್ಯೂಟರ್ ಶುರುವಾಗಲು ಬಿಡುವ ಸೆಟ್ಟಿಂಗ್) ಬಂದ್ ಮಾಡಿ, ಸೇವ್ ಕೊಟ್ಟು ಹೊರಬಂದೆ. ಪರದೆ ಕಪ್ಪು. ವಿಂಡೋಸ್ ಇಲ್ಲ. ಹಾರ್ಡ್ ಡಿಸ್ಕ್ ಇದೆ ಅನ್ನುವುದೇ ಅದಕ್ಕೆ ಮರೆತುಹೋಗಿತ್ತು.

ಅದು ಬರೀ ಆಟದ ಕಂಪ್ಯೂಟರ್ ಅಲ್ಲ ಅಂತ ನಿನಗೆ ಗೊತ್ತಲ್ಲ. ಮೂರು ತೊಗರಿಬೇಳೆ ಮಿಲ್ಲುಗಳ ಟ್ಯಾಲಿ ಲೆಕ್ಕಪತ್ರ ಅದರಲ್ಲೇ ಇದೆ. ಹನ್ನೊಂದನೇ ತಾರೀಖು ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ವಿವರ, ತುಂಬಲು ಕಡೆಯ ದಿನ. ಅವತ್ತು ಎಂಟು. ಬ್ಯಾಕಪ್ ತೆಗೆದಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಲು ಹೋಗಿ ಬೆವರು ಬಂತು. ರಾತ್ರಿ ಹನ್ನೊಂದಕ್ಕೆ ಸೂಪರ್ ಮಾರ್ಕೆಟ್ ಕಡೆಯ ಆ ರಿಪೇರಿ ಹುಡುಗನಿಗೆ ಫೋನ್ ಹಚ್ಚಿದೆ. ಅವನು ನಕ್ಕುಬಿಟ್ಟ. "ಅಣ್ಣಾ, ಇವತ್ತು ನೀವು ನಾಲ್ಕನೇದವ್ರು."

ವಿಷಯ ಇಷ್ಟೇ. ನನ್ನ ಡಿಸ್ಕ್ ಭಾಗ ಮಾಡಿದ್ದು ಹಳೆಯ ಎಂಬಿಆರ್ ಪದ್ಧತಿಯಲ್ಲಿ. ಅದನ್ನು ಮೊದಲು ಹೊಸ ಪದ್ಧತಿ ಜಿಪಿಟಿಗೆ ಬದಲಾಯಿಸಬೇಕು, ಆಮೇಲೆ ಸಿಎಸ್‌ಎಂ ಬಂದ್ ಮಾಡಬೇಕು, ಕೊನೆಗೆ ಸೆಕ್ಯೂರ್ ಬೂಟ್. ನಾನು ಮಧ್ಯದಿಂದ ಶುರು ಮಾಡಿದ್ದೆ. ಹಳೆಯ ಸೆಟ್ಟಿಂಗ್ ವಾಪಸ್ ಇಟ್ಟ ಕೂಡಲೇ ವಿಂಡೋಸ್ ಬಂತು, ಟ್ಯಾಲಿಯೂ ಬಂತು. ಆಗ ನಾನು ಮಾಡಿದ ಮೊದಲ ಕೆಲಸ ಪೆನ್‌ಡ್ರೈವ್ ಹುಡುಕಿದ್ದು. ಮಿಲ್ಲಿನವರಿಗೆ ಇದೆಲ್ಲ ಹೇಳಬೇಡ. ವಿಂಡೋಸ್‌ನಲ್ಲೇ ಇರುವ ಎಂಬಿಆರ್‌ಟುಜಿಪಿಟಿ ಅನ್ನೋ ಸಣ್ಣ ಉಪಕರಣದಿಂದ ಡಿಸ್ಕ್ ಬದಲಾಯಿಸಿದ್ದು ಐದು ನಿಮಿಷದ ಕೆಲಸ. ಅದನ್ನು ಓದಿ, ನಂಬಿ, ಎಂಟರ್ ಒತ್ತುವ ಧೈರ್ಯ ಬರಲು ಎರಡು ತಾಸು ಹಿಡಿಯಿತು.

ಶನಿವಾರ ಮಧ್ಯಾಹ್ನ ಒಂದೂವರೆಗೆ ಎಲ್ಲರಿಗೂ ಬಾಗಿಲು ತೆರೆಯಿತು. ಅವತ್ತೇ ನೂಲ ಹುಣ್ಣಿಮೆ. ತಂಗಿ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಸರದಿಯಲ್ಲಿ ನಿಂತೆ, ಪರದೆಯ ಮೇಲೆ ಲಕ್ಷದ ಲೆಕ್ಕದಲ್ಲಿ ಸಂಖ್ಯೆ. ಆಟ ಮಾರುವ ಸ್ಟೀಮ್ ತಾಣ ಒಂದರಲ್ಲೇ ಅವತ್ತು ಒಂದೇ ಹೊತ್ತಿಗೆ 5 ಲಕ್ಷ 20 ಸಾವಿರಕ್ಕೂ ಜಾಸ್ತಿ ಜನ ಇದ್ದರು ಅಂತ ಆಮೇಲೆ ಗೊತ್ತಾಯಿತು. ಆ ಸರದಿಯಲ್ಲೇ ರಾಖಿ ಕಟ್ಟಿಸಿಕೊಂಡೆ, ಎಡಗೈಗೆ. ಬಲಗೈ ಮೌಸ್ ಮೇಲಿತ್ತು. ತಂಗಿ ಇನ್ನೂ ಸಿಟ್ಟಿನಲ್ಲಿದ್ದಾಳೆ.

ಮೊದಲ ಮ್ಯಾಚ್ ಲಿಬರೇಶನ್ ಪೀಕ್ ಅನ್ನೋ ಮ್ಯಾಪ್‌ನಲ್ಲಿ, ಅಂದರೆ ರಣರಂಗದಲ್ಲಿ. ತಜಿಕಿಸ್ತಾನದ ಬೋಳು ಬೆಟ್ಟ. ಮೂವತ್ತೆರಡು ಜನ ಆ ಕಡೆ, ಮೂವತ್ತೆರಡು ಈ ಕಡೆ, ನಡುವೆ ವಶಪಡಿಸಿಕೊಳ್ಳಬೇಕಾದ ಧ್ವಜಗಳು. ನಾನು ಒಬ್ಬನನ್ನು ಹೊಡೆಯುವ ಮೊದಲು ಒಂಬತ್ತು ಸಲ ಸತ್ತೆ. ಅದರಲ್ಲಿ ಆರು ಸಲ ಎಲ್ಲಿಂದ ಗುಂಡು ಬಂತು ಅಂತಲೇ ತಿಳಿಯಲಿಲ್ಲ. ಎದುರು ಗುಡ್ಡದ ಮೇಲೆ ಸ್ನೈಪರ್‌ಗಳು ಸಾಲಾಗಿ ಮಲಗಿದ್ದರು. ಅವರ ದುರ್ಬೀನಿನ ಗಾಜು ಬಿಸಿಲಿಗೆ ಮಿಂಚುತ್ತದೆ. ಮಿಂಚು ಕಂಡಿತು ಅಂದುಕೊಳ್ಳುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಹತ್ತಿರ ಬಂದವರು ಇನ್ನೂ ಮೋಸ. ಓಡುತ್ತಾರೆ, ಜಾರುತ್ತಾರೆ, ಜಾರಿದಲ್ಲಿಂದ ನೆಗೆಯುತ್ತಾರೆ, ಗಾಳಿಯಲ್ಲೇ ಹೊಡೆಯುತ್ತಾರೆ. ಬೆನ್ನಿಗೆ ಅಷ್ಟು ಸಾಮಾನು ಹೊತ್ತ ಸಿಪಾಯಿ ಮೊಲದ ಹಾಗೆ ಕುಪ್ಪಳಿಸುವುದು ನನಗೆ ಹಿಡಿಸಲಿಲ್ಲ. ಮೂವತ್ತೈದು ದಾಟಿದವನ ಹೊಟ್ಟೆಕಿಚ್ಚು ಅಂತೀಯೋ, ಅನ್ನು.

ಅಳಿಯ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಅವನಿಗೆ ಬಂದೂಕಿನ ಆಟ ಅಂದರೆ ಫೋನ್, ಬಿಜಿಎಂಐ: ಪ್ಯಾರಾಚೂಟಿನಲ್ಲಿ ಇಳಿದು, ಕೊನೆಗೆ ಉಳಿದವನಿಗೆ "ಚಿಕನ್ ಡಿನ್ನರ್" ಅಂತ ಗೆಲುವು ತೋರಿಸುವ ಆಟ. "ಮಾಮಾ, ಪ್ಯಾರಾಚೂಟ್ ಎಲ್ಲಿ? ಎಲ್ಲರೂ ಸತ್ತ ಮ್ಯಾಲ ಚಿಕನ್ ಡಿನ್ನರ್ ಬರಲ್ಲೇನು?" ಬರೋದಿಲ್ಲಪ್ಪ, ಇಲ್ಲಿ ಸತ್ತವರು ಮತ್ತೆ ಎದ್ದು ಬರುತ್ತಾರೆ ಅಂದೆ. "ಮತ್ತ ಮುಗಿಯೋದು ಹೆಂಗ?" ಪ್ರಶ್ನೆ ಸರಿಯಾಗೇ ಇತ್ತು. ಪ್ರತಿ ತಂಡಕ್ಕೂ ಇಷ್ಟು ಟಿಕೆಟ್ ಅಂತ ಇರುತ್ತದೆ, ಒಬ್ಬ ಎದ್ದು ಬಂದರೆ ಒಂದು ಖರ್ಚು, ಧ್ವಜ ಕಮ್ಮಿ ಇದ್ದರೆ ತಾನೇ ಸೋರುತ್ತದೆ ಅಂತ ವಿವರಿಸಿದೆ. ಆಗ ಕೈರೋ ಮ್ಯಾಪ್ ಬಂತು. ಅಲ್ಲಿ ಅವನು ಸುಮ್ಮನಾದ.

ಕೈರೋದಲ್ಲಿ ಓಣಿಗಳಿವೆ, ಓಣಿಗೆ ಟ್ಯಾಂಕ್ ನುಗ್ಗುತ್ತದೆ. ಮೇಲ್ಮಹಡಿಯ ಕಿಟಕಿಯಲ್ಲಿ ಒಬ್ಬ ಅಡಗಿದ್ದಾನೆ ಅಂದುಕೋ. ಅವನಿಗೆ ಗುರಿ ಇಡುವ ಕೆಲಸವೇ ಇಲ್ಲ, ಗೋಡೆಗೇ ಹೊಡಿ. ಗೋಡೆ ಬೀಳುತ್ತದೆ, ಮುಂಭಾಗವೆಲ್ಲ ಕಳಚಿ ಓಣಿಗೆ ಬಂದು ಬೀಳುತ್ತದೆ, ಧೂಳು ಕವಿದು ಎರಡು ಕ್ಷಣ ಏನೂ ಕಾಣಿಸುವುದಿಲ್ಲ. ಧೂಳು ಇಳಿದ ಮೇಲೆ ನೀನು ಈವರೆಗೆ ಬಚ್ಚಿಟ್ಟುಕೊಂಡಿದ್ದ ಜಾಗವೇ ಇರುವುದಿಲ್ಲ. ದೊಡ್ಡ ಸುತ್ತಿಗೆ ಸಹ ಇದೆ. ಬಾಗಿಲಲ್ಲಿ ಯಾರೋ ಕಾಯುತ್ತಿದ್ದರೆ ಪಕ್ಕದ ಗೋಡೆ ಒಡೆದು ಒಳಗೆ ಹೋಗಬಹುದು. ಇದೇ ಸರಣಿಯ 2010ರ ಆಟ ಬ್ಯಾಡ್ ಕಂಪನಿ 2 ನೆನಪಾಯಿತಾ? ಅದೇ ಖುಷಿ, ಈಗ ಸದ್ದು ಹತ್ತು ಪಟ್ಟು. ನನ್ನ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಒಮ್ಮೆಯೂ ತಡವರಿಸಲಿಲ್ಲ, ಅದು ಮಾತ್ರ ನಿಜವಾಗಿ ಆಶ್ಚರ್ಯ.

ಮರುದಿನ ಸಂಜೆ ತಂಗಿಯ ಸಿಟ್ಟು ಇಳಿಸಲು ಅಳಿಯನನ್ನು ಕೋಟೆಗೆ ಕರೆದುಕೊಂಡು ಹೋದೆ. 1347ರಲ್ಲಿ ಬಹಮನಿಗಳು ಇಲ್ಲಿ ರಾಜಧಾನಿ ಮಾಡಿದ್ದು, 1367ರ ಜಾಮಿ ಮಸೀದಿ, ಎಲ್ಲ ಹೇಳುತ್ತಿದ್ದೆ. ಅವನು ಕೋಟೆ ಗೋಡೆಗೆ ಅಂಗೈ ಹಚ್ಚಿ ಕೇಳಿದ: "ಮಾಮಾ, ಇದು ಎಷ್ಟು ಆರ್‌ಪಿಜಿ ರಾಕೆಟ್‌ಗೆ ಬೀಳ್ತದ?" ಉತ್ತರ ಕೊಡುವ ಬದಲು ಬಾರಾ ಗಜ್ ತೋಪಿನ ಹತ್ತಿರ ಒಯ್ದೆ. 29 ಅಡಿ ಉದ್ದ ಅಂದೆ. ಅವನು ಈ ತುದಿಯಿಂದ ಆ ತುದಿಗೆ ನಡೆದು, ಹೆಜ್ಜೆ ಎಣಿಸಿ, "ರೀಲೋಡ್‌ಗೆ ಭಾಳ ಟೈಮ್ ಹಿಡೀತಿರ್ಬೇಕು" ಅಂದ. ನನಗೆ ಈ ಹುಡುಗನ ಮೇಲೆ ಭರವಸೆ ಇದೆ.

ಈಗ ನಿನಗೆ ಹೇಳಲೇಬೇಕಾದ ಮಾತು. ಐಬೀರಿಯನ್ ಅಫೆನ್ಸಿವ್ ಅಂತ ಜಿಬ್ರಾಲ್ಟರ್ ಮ್ಯಾಪ್. ನಾನು ಎಂಜಿನಿಯರ್ ಆಗಿ ನಮ್ಮ ಟ್ಯಾಂಕ್ ಹಿಂದೆ ಬಗ್ಗಿ ರಿಪೇರಿ ಮಾಡುತ್ತಿದ್ದೆ. ಟ್ಯಾಂಕ್ ಉಳಿಯಿತು, ನಾನು ಬಿದ್ದೆ. ನಡುರಸ್ತೆಯಲ್ಲಿ, ನಾಲ್ಕೂ ಕಡೆಯಿಂದ ಗುಂಡು. ಇಂಥ ಕಡೆ ಯಾರು ಬರುತ್ತಾರೆ ಅಂತ ಕೈಬಿಡುವುದರಲ್ಲಿದ್ದೆ. ನಮ್ಮ ಸ್ಕ್ವಾಡ್‌ನ ಒಬ್ಬ ಅಪರಿಚಿತ ಓಡಿ ಬಂದ. ಬಂದವನು ಅಲ್ಲೇ ಕೂತು ನನ್ನನ್ನು ಎಬ್ಬಿಸಲಿಲ್ಲ. ಅಂಗಿಯ ಪಟ್ಟಿ ಹಿಡಿದು ದರದರ ಎಳೆದುಕೊಂಡು ಒಂದು ಗೋಡೆಯ ಮರೆಗೆ ಒಯ್ದ. ಎಳೆಯುತ್ತಲೇ ಎಬ್ಬಿಸುವುದು ಈ ಆಟದ ಹೊಸ ವಿದ್ಯೆ. ನಾನು ಆಕಾಶ ನೋಡುತ್ತಾ ಎಳೆಸಿಕೊಂಡು ಹೋದೆ. ಎದ್ದು ನಿಂತ ಮೇಲೆ ಥ್ಯಾಂಕ್ಸ್ ಹೇಳಲು ತಿರುಗಿದರೆ ಅವನು ಆಗಲೇ ಇನ್ನೊಬ್ಬನ ಕಡೆ ಓಡಿದ್ದ.

ನಾವು ಕೌಂಟರ್-ಸ್ಟ್ರೈಕ್ 1.6 ಅನ್ನೋ ಬಂದೂಕಿನ ಆಟ ಆಡುತ್ತಿದ್ದ ದಿನಗಳು ನೆನಪಾದವು. ಸೈಬರ್‌ನಲ್ಲಿ ತಾಸಿಗೆ ಇಪ್ಪತ್ತು ರೂಪಾಯಿ, ಡಸ್ಟ್2 ಮ್ಯಾಪ್. ಅಲ್ಲಿ ಸತ್ತವನು ಸತ್ತ. ರೌಂಡ್ ಮುಗಿಯುವ ತನಕ ನಿನ್ನ ಕುರ್ಚಿಯ ಹಿಂದೆ ನಿಂತು "ಎಡಕ್ಕ, ಎಡಕ್ಕ, ಬಾಕ್ಸ್ ಹಿಂದ" ಅಂತ ಕೂಗುವುದೇ ನನ್ನ ಕೆಲಸ. ದಿನದ ಅರ್ಧ ಆಟ ನಾನು ನಿನ್ನ ಪರದೆಯಲ್ಲೇ ನೋಡಿದ್ದೇನೆ. ಇಲ್ಲಿ ಹಾಗಿಲ್ಲ. ಬಿದ್ದವನೂ ಆಟದಲ್ಲೇ ಇರುತ್ತಾನೆ, ಯಾರಾದರೂ ಬರಲಿ ಅಂತ ಕಾಯುತ್ತಾ. ಎಷ್ಟೋ ಸಲ ಯಾರೂ ಬರುವುದಿಲ್ಲ. ಐದು ಹೆಜ್ಜೆ ದೂರದಲ್ಲಿ ನಮ್ಮವನೇ ಹಾದುಹೋಗುತ್ತಾನೆ, ನೋಡುವುದೂ ಇಲ್ಲ. ಆಗೆಲ್ಲ ನಿನ್ನನ್ನು ಬೈದಿದ್ದೇನೆ. ಯಾಕೆ ಅಂದರೆ ನೀನಿದ್ದಿದ್ದರೆ ಬರುತ್ತಿದ್ದೆ.

ಉಳಿದದ್ದು ಬೇಗ ಹೇಳುತ್ತೇನೆ. ಅಸಾಲ್ಟ್, ಎಂಜಿನಿಯರ್, ಸಪೋರ್ಟ್, ರೆಕಾನ್ ಅಂತ ಸಿಪಾಯಿಗಳ ಹಳೆಯ ನಾಲ್ಕು ವರ್ಗ ವಾಪಸ್ ಬಂದಿವೆ. ಹಿಂದಿನ ಆಟ ಬ್ಯಾಟಲ್‌ಫೀಲ್ಡ್ 2042ರಲ್ಲಿ ವರ್ಗ ಬಿಟ್ಟು ಹೆಸರಿಟ್ಟ ಪಾತ್ರಗಳನ್ನು ಕೊಟ್ಟಿದ್ದು ನಮ್ಮಿಬ್ಬರಿಗೂ ರುಚಿಸಿರಲಿಲ್ಲವಲ್ಲ. ಈಗ ಯಾವ ವರ್ಗದವನೂ ಯಾವ ಬಂದೂಕು ಬೇಕಾದರೂ ಹಿಡಿಯಬಹುದು. ಆಯಾ ವರ್ಗಕ್ಕೆ ಆಯಾ ಬಂದೂಕು ಅನ್ನುವ ಪಂದ್ಯಗಳೂ ಬೇರೆಯಾಗಿ ಇದ್ದವು. ನನಗೆ ಅವೇ ಇಷ್ಟ. ಮದ್ದುಗುಂಡು ಹಂಚುವ ಸಪೋರ್ಟ್‌ನವನೂ ಸ್ನೈಪರ್ ಹಿಡಿದು ಗುಡ್ಡ ಹತ್ತಿದರೆ ಕೆಳಗೆ ನಮಗೆ ಗುಂಡು ಕೊಡುವವರು ಯಾರು? ಎಂ87ಎ1 ಅನ್ನೋ ಶಾಟ್‌ಗನ್ ಬಗ್ಗೆ ಮಾತಾಡುವುದಿಲ್ಲ. ಬಿಪಿ ಏರುತ್ತದೆ.

ಎರಡನೇ ವಾರ ಬ್ರೂಕ್ಲಿನ್ ಬೀದಿಗಳ ಎಂಪೈರ್ ಸ್ಟೇಟ್ ಬಂತು, ವಾಹನವೇ ಇಲ್ಲ, ಬರೀ ಓಣಿ ಜಗಳ. ಒಂದು ತಂಡ ಬಾಂಬ್ ಇಡುವ, ಇನ್ನೊಂದು ತಡೆಯುವ ರಶ್ ಪಂದ್ಯ ಕೂಡ ಬಂತು, ಒಂದು ಕಡೆಗೆ ಹನ್ನೆರಡೇ ಜನ. ಬಾಂಬ್ ಇಟ್ಟು ತಿರುಗುವಷ್ಟರಲ್ಲಿ ಮುಗಿಯುತ್ತಿತ್ತು. ನಾವು ಆಡುತ್ತಿದ್ದ ರಶ್ ಇದಲ್ಲ. ಒಟ್ಟಾರೆ ಬೀಟಾದ ಮ್ಯಾಪ್‌ಗಳು ಇಕ್ಕಟ್ಟು, ಉಸಿರು ತೆಗೆದುಕೊಳ್ಳಲು ಬಿಡುವುದಿಲ್ಲ. ಪೂರ್ತಿ ಆಟದಲ್ಲಿ ಒಂಬತ್ತು ಮ್ಯಾಪ್ ಇರುತ್ತವೆ, ಮಿರಾಕ್ ವ್ಯಾಲಿ ಎಲ್ಲಕ್ಕಿಂತ ದೊಡ್ಡದು, ಬ್ಯಾಟಲ್‌ಫೀಲ್ಡ್ 3ರ ಆಪರೇಶನ್ ಫೈರ್‌ಸ್ಟಾರ್ಮ್ ಕೂಡ ವಾಪಸ್ ಬರುತ್ತದೆ. ನಾನು ಕಾಯುತ್ತಿರುವುದು ಅದಕ್ಕೇ.

ಸೆಕ್ಯೂರ್ ಬೂಟ್‌ಗೆ ಕೊಟ್ಟ ಶಾಪದಲ್ಲಿ ಅರ್ಧ ವಾಪಸ್ ತೆಗೆದುಕೊಂಡಿದ್ದೇನೆ. ಮೊದಲ ಎರಡೇ ದಿನದಲ್ಲಿ ಮೋಸದ 3 ಲಕ್ಷ 30 ಸಾವಿರ ಪ್ರಯತ್ನ ತಡೆದೆವು ಅಂತ ಆಟದವರು ಹೇಳಿದರು. ಆದರೂ ಗೋಡೆ ದಾಟಿ ನೋಡುವವರ ವಿಡಿಯೋಗಳು ಬಂದವು. ನನ್ನ ಪಂದ್ಯಗಳಲ್ಲಿ ಅಂಥವನು ಕಾಣಲಿಲ್ಲ. ಅಥವಾ ನಾನು ಸಾಯುವ ವೇಗಕ್ಕೆ ಅವನಿಗೆ ಮೋಸದ ಅಗತ್ಯ ಬೀಳಲಿಲ್ಲ.

ಹದಿನೈದನೇ ತಾರೀಖು ರಾತ್ರಿ ಜೋರು ಮಳೆ. ಕೊನೆಯ ಧ್ವಜ, ಎರಡೂ ಕಡೆ ಹತ್ತರೊಳಗೆ ಟಿಕೆಟ್, ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ಕಂಪ್ಯೂಟರ್ ಉಳಿಯಿತು. ವೈಫೈ ಡಬ್ಬಿಯನ್ನು ಇನ್ವರ್ಟರ್ ಲೈನ್‌ಗೆ ಹಾಕಿಸಿಲ್ಲ ಅಂತ ಆಗ ನೆನಪಾಯಿತು. ಒಳಗಿನಿಂದ ಅವ್ವ, "ಛಲೋ ಆಯ್ತು, ಉಣ್ಣಾಕ ಬಾ, ರೊಟ್ಟಿ ಆರ್ಲತ್ತಾವ" ಅಂದಳು. ಪುಂಡಿಪಲ್ಯ ಮಾಡಿದ್ದಳು. ಪಂದ್ಯ ಗೆದ್ದೆವೋ ಸೋತೆವೋ ಇವತ್ತಿಗೂ ಗೊತ್ತಿಲ್ಲ.

ಈಗ ರೊಕ್ಕದ ಮಾತು. ನಾಲ್ಕು ಸಾವಿರದ ಹತ್ತಿರ ಆಗುತ್ತದೆ. ಒಬ್ಬನೇ ಆಡುವುದಾದರೆ ತಗೋಬೇಡ, ನಾನೂ ತಗೋಳಲ್ಲ. ಅಪರಿಚಿತರು ಎಳೆಯಲಿ ಅಂತ ಕಾಯುತ್ತಾ ಮಲಗಲು ನಾಲ್ಕು ಸಾವಿರ ಯಾಕೆ? ನೀನು ವಾರಕ್ಕೆ ಎರಡು ರಾತ್ರಿ ಖಂಡಿತ ಬರುತ್ತೀನಿ ಅಂದರೆ ಮಾತ್ರ ಇಬ್ಬರೂ ಒಟ್ಟಿಗೆ ಕೊಳ್ಳೋಣ. ಆಟ ಬರುವುದು ಅಕ್ಟೋಬರ್ 10, ಶುಕ್ರವಾರ. ದಸರಾ ಮುಗಿದು ಒಂದು ವಾರ.

ದಸರಾಕ್ಕೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವಾಗ ನಿನ್ನ ಲ್ಯಾಪ್‌ಟಾಪ್ ತೆಗೆದುಕೊಂಡು ಬಾ. ಸೆಕ್ಯೂರ್ ಬೂಟ್ ಇದೆಯೋ ಇಲ್ಲವೋ ನಾನೇ ನೋಡುತ್ತೇನೆ. ನೀನಾಗಿ ಬಯೋಸ್ ಒಳಗೆ ಕೈಹಾಕಬೇಡ. ಬರುವ ಮೊದಲು ಬ್ಯಾಕಪ್ ತೆಗೆದಿಡು. ಇಪ್ಪತ್ತಕ್ಕೆ ನನಗೆ ಜಿಎಸ್‌ಟಿಯ 3ಬಿ ರಿಟರ್ನ್ ತುಂಬುವುದಿದೆ, ಮೂರೂ ಮಿಲ್ಲಿನ ಬಿಲ್ಲುಗಳು ಟೇಬಲ್ ಮೇಲೆ ಹಾಗೇ ಬಿದ್ದಿವೆ. ಮತ್ತೆ ಹೆಬ್ಬೆರಳು ಕಳಿಸಿದರೆ ನೋಡು.

ನಿನ್ನ
ಒಂಬತ್ತು ಸಲ ಸತ್ತ ದೋಸ್ತ