ಮಗಳಿಗೊಂದು ಪತ್ರ: ಮೊದಲು ಓಡುವವಳಿಗೆ

ಮಂಡ್ಯ
ಭಾನುವಾರ ರಾತ್ರಿ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಿಮ್ಮಪ್ಪ ನನ್ನ ಜೊತೆ ಮಾತೇ ಆಡಲಿಲ್ಲ. ಮಗಳು ಏಷ್ಯನ್ ಗೇಮ್ಸ್ ಹಾಕಿ ಟೀಮಿನಲ್ಲಿ ಪೆನಾಲ್ಟಿ ಕಾರ್ನರ್‌ಗೆ ಫಸ್ಟ್ ರಷರ್, ಅಂದರೆ ಎದುರಾಳಿ ಗೋಲಿಗೆ ಹೊಡೆಯುವಾಗ ಗೋಲುಗೆರೆಯಿಂದ ಅಡ್ಡಗಟ್ಟಲು ಮೊದಲು ಓಡುವವಳು, ಆಗಿದ್ದೇನೆ ಅಂತ ಖುಷಿಯಿಂದ ಹೇಳಿದರೆ, "ಬೇರೆ ಯಾರೂ ಸಿಗಲಿಲ್ವಾ ಅವರಿಗೆ" ಅಂತ ಯಾವ ತಾಯಿ ಕೇಳ್ತಾಳೆ ಅನ್ನುವುದು ಅವರ ಸಿಟ್ಟು. ನ್ಯಾಯವಾದ ಸಿಟ್ಟೇ. ಆ ಮಾತು ಬರಬಾರದಿತ್ತು, ಬಂತು. ಹೊರಡುವ ಮೊದಲು ಊರಿಗೆ ಬರಲಾಗುವುದಿಲ್ಲ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮದ್ದೂರಿನ ಟೂರ್ನಿಯ ವಿಷಯ ಎತ್ತುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ.

ಆ ಜಾಗದ ಬೆಲೆ ನನಗೆ ಗೊತ್ತಿಲ್ಲದ್ದೇನಲ್ಲ. ಏಷ್ಯನ್ ಗೇಮ್ಸ್‌ಗೆ ಮಹಿಳಾ ಹಾಕಿ ಬಂದಿದ್ದೇ 1982ರ ದೆಹಲಿಯಲ್ಲಿ. ಆ ಮೊದಲ ಚಿನ್ನ ನಮ್ಮದು, ಆಮೇಲೆ ಇನ್ನೊಂದು ಬಂದಿಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಗಂಡು ಹುಡುಗರು ಜಪಾನನ್ನು 5-1ರಿಂದ ಸೋಲಿಸಿ ಚಿನ್ನ ಗೆದ್ದು ನೇರ ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್ ತೆಗೆದುಕೊಂಡರು. ಹೆಣ್ಣುಮಕ್ಕಳು ಸೆಮಿಫೈನಲ್‌ನಲ್ಲಿ ಚೀನಾಕ್ಕೆ ಸೋತು ಕಂಚಿಗೆ ನಿಂತರು. ಅದರ ಫಲವಾಗಿ 2024ರ ಜನವರಿಯಲ್ಲಿ ರಾಂಚಿಯ ಅರ್ಹತಾ ಟೂರ್ನಿ ಆಡಬೇಕಾಯಿತು. ಅಲ್ಲಿ ಪಂದ್ಯ ಸಮನಾದ ಮೇಲೆ ಜರ್ಮನಿಗೆ ಶೂಟ್‌ಔಟ್‌ನಲ್ಲಿ ಸೋಲು, ಮೂರನೇ ಸ್ಥಾನದ ಪಂದ್ಯದಲ್ಲಿ ಜಪಾನ್‌ಗೆ 0-1. ಆ ಒಂದು ಗೋಲೂ ಪೆನಾಲ್ಟಿ ಕಾರ್ನರ್‌ನದ್ದೇ. ಒಲಿಂಪಿಕ್ಸ್ ಕೈತಪ್ಪಿತು. ಈ ಸಲವೂ ಚಿನ್ನ ಗೆದ್ದವರಿಗೆ ಲಾಸ್ ಏಂಜಲೀಸ್‌ಗೆ ನೇರ ದಾರಿ. ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಂತೂ ಹಾಕಿಯನ್ನೇ ಕೈಬಿಟ್ಟಿದ್ದಾರೆ. ಹಾಗಾಗಿ ಈ ಜಪಾನ್ ಪ್ರಯಾಣ ಎಷ್ಟು ದೊಡ್ಡದು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೂ ಭಯ. ಎಲ್ಲಿ ಭಯ ಅಂತ ಅಳತೆ ಹಾಕಿಯೇ ಹೇಳುತ್ತೇನೆ.

ಗೋಲಿನ ಮುಂದಿನ ಅರೆವೃತ್ತ, ಅದೇ ಡಿ, ಅದರ ಅಂಚು ಗೋಲಿನಿಂದ 14.63 ಮೀಟರ್. ಎದುರಾಳಿ ಹುಡುಗಿ ಗೋಲುಕಂಬದಿಂದ 10 ಮೀಟರ್ ಆಚೆ ನಿಂತು ಚೆಂಡು ತಳ್ಳುತ್ತಾಳೆ. ಚೆಂಡು ಡಿ ದಾಟಿ, ಅದನ್ನು ನಿಲ್ಲಿಸುವ ಸ್ಟಾಪರ್‌ಗೆ ಸಿಕ್ಕಿ, ಫ್ಲಿಕ್ ಆಗುವ, ಅಂದರೆ ಸ್ಟಿಕ್‌ನಿಂದ ಎಳೆದು ಗೋಲಿಗೆ ಎಸೆಯುವ ಹೊತ್ತಿಗೆ ನೀನು ಎಂಟೊಂಬತ್ತು ಮೀಟರ್ ಓಡಿರುತ್ತೀ. ಆಗ ನಿನಗೂ ಚೆಂಡಿಗೂ ನಡುವೆ ಆರು ಮೀಟರ್ ಉಳಿಯಿತು ಅಂದುಕೋ. ಗಂಟೆಗೆ 90 ಕಿ.ಮೀ. ವೇಗದ ಚೆಂಡು ಆ ಆರು ಮೀಟರನ್ನು 0.24 ಸೆಕೆಂಡಿನಲ್ಲಿ ಮುಗಿಸುತ್ತದೆ. ನೋಡಿ, ತಿಳಿದು, ತಪ್ಪಿಸಿಕೊಳ್ಳುವ ವೇಳೆಯಲ್ಲ ಅದು. ಗಂಡಸರ ಫ್ಲಿಕ್ 100 ದಾಟುತ್ತದೆ, ನಿಮ್ಮಲ್ಲಿ ಸ್ವಲ್ಪ ಕಡಿಮೆ ಅಂತ ಸಮಾಧಾನ ಹೇಳಬೇಡ. ಚೆಂಡು ಇಬ್ಬರಿಗೂ ಅದೇ 156ರಿಂದ 163 ಗ್ರಾಂ, ಡಿಯೂ ಅದೇ, ಗೋಲೂ ಅದೇ 3.66 ಮೀಟರ್ ಅಗಲ.

ಈಗ ನಿಯಮ. ಮೊದಲ ಹೊಡೆತದ ವೇಳೆ ನೀನು ಚೆಂಡಿನಿಂದ ಐದು ಮೀಟರ್ ಒಳಗಿದ್ದು, ಸಹಜವಾಗಿ ನಿಂತ ಭಂಗಿಯಲ್ಲಿ ಮೊಣಕಾಲಿಗೋ ಅದಕ್ಕಿಂತ ಮೇಲೋ ಪೆಟ್ಟು ಬಿದ್ದರೆ ಅದು ಅಪಾಯಕಾರಿ ಹೊಡೆತ, ಫ್ರೀ ಹಿಟ್ ನಿಮಗೆ. ಮೊಣಕಾಲಿನ ಕೆಳಗೆ ಬಿದ್ದರೆ ಮತ್ತೊಂದು ಕಾರ್ನರ್ ಅವರಿಗೆ. ಐದು ಮೀಟರ್ ಆಚೆ ಇದ್ದರೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ. ಅಂದರೆ ಐದರ ಒಳಗೆ ನಿಯಮ ನಿನ್ನ ಕಡೆ. ಐದರಿಂದ ಎಂಟರ ನಡುವೆ ನಿನ್ನ ಕಡೆ ಇರುವುದು ಸ್ಟಿಕ್ ಒಂದೇ. ಒಳ್ಳೆಯ ಫ್ಲಿಕರ್ ಇದನ್ನು ಚೆನ್ನಾಗಿ ಬಲ್ಲಳು. ನೀನು ಹತ್ತಿರ ಬರುವ ಮೊದಲೇ ಬಿಡುತ್ತಾಳೆ. ನನ್ನ ನಿದ್ದೆ ಕೆಡಿಸಿರುವುದು ಆ ಮೂರು ಮೀಟರ್.

ಇನ್ನೊಂದು ಸಾಲು ನೀವು ಹುಡುಗಿಯರು ಮರೆಯುತ್ತೀರಿ. ಸ್ಟಿಕ್‌ನಿಂದ ಆಡುವ ಪ್ರಯತ್ನವೇ ಇಲ್ಲದೆ ಹೊಡೆತದ ದಾರಿಗೋ ಫ್ಲಿಕರ್ ಮೈಮೇಲೋ ನುಗ್ಗಿದರೆ ಅಪಾಯಕಾರಿ ಆಟ ಆಡಿದವಳು ನೀನೇ ಆಗುತ್ತೀ. ಮೈಯೊಡ್ಡುವುದನ್ನು ನೋಡಿ ಗ್ಯಾಲರಿಯವರು ಚಪ್ಪಾಳೆ ಹೊಡೆಯುತ್ತಾರೆ, ಅಂಪೈರ್ ಸೀಟಿ ಊದುತ್ತಾರೆ. ಫಸ್ಟ್ ರಷರ್ ಅಂದರೆ ಗುಂಡಿಗೆ ಗಟ್ಟಿ ಇರುವವಳು ಅಂತ ಹೊಗಳುವವರನ್ನು ದೂರ ಇಡು. ಓಟದ ಗೆರೆ ಶಿಸ್ತಾಗಿ ಹಿಡಿಯುವವಳು, ಸ್ಟಿಕ್ ನೆಲದಲ್ಲಿ ಇಟ್ಟುಕೊಂಡು ಓಡಬಲ್ಲವಳು ಫಸ್ಟ್ ರಷರ್.

ಆ ಗೆರೆಯನ್ನು ಗೋಲಿಯ ಜೊತೆ ಮೊದಲೇ ಮಾತಾಡಿ ತೀರ್ಮಾನಿಸಿಕೊ. ಗೋಲಿನ ಯಾವ ಅರ್ಧ ನೀನು ಮುಚ್ಚುತ್ತೀ, ಯಾವ ಅರ್ಧ ಅವಳದು, ಕಂಬದ ಹತ್ತಿರ ನಿಲ್ಲುವವಳು ಯಾವುದು ನೋಡುತ್ತಾಳೆ. ನಿನ್ನ ಗೆರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಎರಡು ನಷ್ಟ: ಬಿಟ್ಟ ಜಾಗದಲ್ಲಿ ಚೆಂಡು ಹೋಗುತ್ತದೆ, ಗೋಲಿಯ ಕಣ್ಣಿಗೂ ನೀನೇ ಅಡ್ಡ. ಗೋಲಿಗೆ ಚೆಂಡು ಕಾಣುವಂತೆ ಓಡುವುದು ನಿನ್ನ ಅರ್ಧ ಕೆಲಸ. ಮೊದಲ ನಾಲ್ಕೈದು ಹೆಜ್ಜೆ ತಲೆ ತಗ್ಗಿಸಿ ಜೋರಾಗಿ ಓಡು, ಆಮೇಲೆ ಹೆಜ್ಜೆ ಚಿಕ್ಕದು ಮಾಡು, ಮಂಡಿ ಬಾಗಿಸು, ಎರಡೂ ಕೈ ಸ್ಟಿಕ್ ಮೇಲೆ, ಬ್ಲೇಡ್ ಟರ್ಫ್‌ಗೆ ತಾಗಿರಲಿ. ಕೊನೇ ಗಳಿಗೆಯಲ್ಲಿ ಮುಖ ತಿರುಗಿಸಬೇಡ. ತಿರುಗಿಸಿದರೆ ಮಾಸ್ಕ್ ಇಲ್ಲದ ಕಡೆ, ಕಿವಿಯ ಹಿಂದೆ, ಕತ್ತಿಗೆ ಬೀಳುತ್ತದೆ. ತೀರಾ ಕುಗ್ಗಿದರೆ ಮುಖ ಚೆಂಡಿನ ಎತ್ತರಕ್ಕೇ ಇಳಿಯುತ್ತದೆ, ಜೊತೆಗೆ 'ಸಹಜ ಭಂಗಿ' ಅನ್ನುವ ಮಾತೂ ನಿನ್ನ ಕೈಬಿಡುತ್ತದೆ.

ಫ್ಲಿಕ್ ಅಷ್ಟೇ ಬರುತ್ತದೆ ಅಂತ ಓಡಬೇಡ. ಫ್ಲಿಕ್ ಎಷ್ಟು ಎತ್ತರಕ್ಕಾದರೂ ಹೋಗಬಹುದು. ಮೊದಲ ಹೊಡೆತ ಹಿಟ್ ಆಗಿದ್ದರೆ ಗೋಲುಗೆರೆ ದಾಟುವಾಗ 460 ಮಿಲಿಮೀಟರ್ ಮೀರಬಾರದು, ಅಂದರೆ ಗೋಲಿನ ಹಲಗೆಯಷ್ಟು. ಮಹಿಳಾ ಪಂದ್ಯಗಳಲ್ಲಿ ಪಕ್ಕಕ್ಕೆ ಜಾರಿಸಿ ಕೊಡುವುದು, ಚೆಂಡು ತಳ್ಳಿದ ಇಂಜೆಕ್ಟರ್‌ಗೇ ವಾಪಸ್ ಕೊಟ್ಟು ಕಂಬದ ಹತ್ತಿರ ತಿರುವುವುದು, ಇವೆಲ್ಲ ಬೇಕಾದಷ್ಟು. ಚೆಂಡು ನಿನ್ನನ್ನು ದಾಟಿತು ಅಂದರೆ ಅಲ್ಲೇ ನಿಲ್ಲಬೇಡ, ಒಳಕ್ಕೆ ತಿರುಗಿ ಗೋಲಿನ ಕಡೆ ವಾಪಸ್ ಓಡು. ಮರುಚೆಂಡಿಗೆ ಅಲ್ಲಿ ಯಾರೂ ಇರುವುದಿಲ್ಲ.

ಮತ್ತೆ ಆತುರ. ಚೆಂಡು ಕದಲುವ ಮೊದಲು ಗೆರೆ ದಾಟಿದರೆ ಮಧ್ಯಗೆರೆ ಆಚೆ ಕಳಿಸುತ್ತಾರೆ, ನಿನ್ನ ಬದಲಿಗೆ ಯಾರೂ ಬರುವಂತಿಲ್ಲ. ಗೋಲಿ ಸೇರಿ ಐವರ ಜಾಗದಲ್ಲಿ ನಾಲ್ವರು, ಅದರಲ್ಲೂ ಓಡುವವಳೇ ಇಲ್ಲ. ಇಂಜೆಕ್ಟರ್ ಬೇಕಂತಲೇ ತಳ್ಳುವ ಹಾಗೆ ಮಾಡಿ ನಿಲ್ಲಿಸಿದರೆ ಅವಳೂ ಮಧ್ಯಗೆರೆ ಆಚೆ ಹೋಗಬೇಕು, ಆದರೆ ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ. ಹಾಗಾಗಿ ಅವಳ ಕಣ್ಣು ನೋಡಬೇಡ, ಭುಜ ನೋಡಬೇಡ, ಚೆಂಡನ್ನೇ ನೋಡು. ನಿನಗೆ ಮೊದಲಿಂದಲೂ ಅವಸರ ಜಾಸ್ತಿ, ಇದನ್ನು ಹೇಳದೆ ಇರಲಾರೆ.

ಇನ್ನು ಹಲ್ಲಿನ ವಿಷಯ. ನಗಬೇಡ.

ಮಾಸ್ಕ್ ಇದೆಯಲ್ಲ ಅಂತ ಮೌತ್‌ಗಾರ್ಡ್ ಬಿಡುವವರಿದ್ದಾರೆ. ಚೆಂಡು ಬಡಿದಾಗ ಮಾಸ್ಕೇ ಒಳಕ್ಕೆ ಒತ್ತುತ್ತದೆ, ದವಡೆಗೆ ದವಡೆ ಕುಟ್ಟುತ್ತದೆ. ಬಿಸಿನೀರಲ್ಲಿ ಅದ್ದಿ ಕಚ್ಚುವ ಮೌತ್‌ಗಾರ್ಡ್ ಸಡಿಲವಾಗಿದ್ದರೆ ಬಾಯಿ ತೆರೆದಾಗ ಜಾರುತ್ತದೆ. ದಂತವೈದ್ಯರ ಹತ್ತಿರ ಅಚ್ಚು ತೆಗೆಸಿದ್ದು ಮೇಲು. ಶಿಬಿರದಲ್ಲಿ ಮಾಡಿಸಿಕೊಡುತ್ತಾರಾ ಕೇಳು. ಆಗಲೂ ಹಲ್ಲು ಬಿದ್ದರೆ ಬೇರನ್ನು ಮುಟ್ಟಬೇಡ, ಮೇಲ್ಭಾಗ ಹಿಡಿ, ಉಜ್ಜಬೇಡ. ಮಣ್ಣಿದ್ದರೆ ಒಂದು ಗಳಿಗೆ ನೀರಿಗೆ ಹಿಡಿದು ಅದೇ ಜಾಗಕ್ಕೆ ಕೂರಿಸಬೇಕು; ಆಗದಿದ್ದರೆ ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ವೈದ್ಯರ ಮುಂದಿರಬೇಕು. ಇದನ್ನು ನಿಮ್ಮ ಫಿಸಿಯೋಗೂ ಹೇಳು. ಗೊತ್ತಿರುತ್ತದೆ, ಆದರೂ ಹೇಳು.

ಮಾಸ್ಕ್ ಹಾಕಿಕೊಳ್ಳಲು ಸಿಗುವುದು 40 ಸೆಕೆಂಡು. ಅಷ್ಟರಲ್ಲಿ ಮಾಸ್ಕ್, ಎಡಗೈ ಗ್ಲೌಸ್, ಮಂಡಿ ಪ್ಯಾಡ್, ಯಾರು ಎಲ್ಲಿ ಅನ್ನುವ ಮಾತು ಎಲ್ಲವೂ ಮುಗಿಯಬೇಕು. ನಾಲ್ವರ ಸಾಮಾನೂ ಒಂದೇ ಚೀಲದಲ್ಲಿ ತುಂಬಿದರೆ ಪಟ್ಟಿಗೆ ಪಟ್ಟಿ ಸಿಕ್ಕಿಹಾಕಿಕೊಳ್ಳುತ್ತದೆ. ನಿನ್ನದು ಗೋಲಿನ ಹಿಂದೆ ಬೇರೆಯೇ ಇರಲಿ, ಪಟ್ಟಿಗೆ ಬಣ್ಣದ ದಾರ ಕಟ್ಟು. ಕೂದಲನ್ನು ಎತ್ತರಕ್ಕೆ ತುರುಬು ಕಟ್ಟಬೇಡ. ಹಿಂದಿನ ಪಟ್ಟಿ ಅದರ ಮೇಲೆ ಕೂತು ಓಡುವಾಗ ಮೇಲಕ್ಕೆ ಜಾರಿ ಮಾಸ್ಕ್ ಕಣ್ಣಿಗೆ ಇಳಿಯುತ್ತದೆ. ಕುತ್ತಿಗೆಯ ಹತ್ತಿರ ಜಡೆ ಹಾಕು. ನೀರು ಹಾಯಿಸಿದ ಟರ್ಫ್‌ನಲ್ಲಿ ಮೊದಲ ಹೆಜ್ಜೆಯೇ ಜಾರುವುದು, ಅದಕ್ಕೆ ಶೂ ಅಡಿಯ ಮೊಳೆ ಸವೆದಿದೆಯಾ ನೋಡಿಕೊ.

ತಲೆಗೆ ಪೆಟ್ಟು ಬಿದ್ದರೆ "ಏನಿಲ್ಲ ಸರ್" ಅಂತ ಎದ್ದು ನಿಲ್ಲುವ ಅಭ್ಯಾಸ ಬಿಡು. ತಲೆನೋವು, ವಾಕರಿಕೆ, ಬೆಳಕು ಚುಚ್ಚುವುದು, ಈಗಿನ ಸ್ಕೋರು ನೆನಪಾಗದಿರುವುದು, ಇದರಲ್ಲಿ ಒಂದಿದ್ದರೂ ಆಚೆ ಬಾ. ವೈದ್ಯರು ಹೇಳುವವರೆಗೆ ಸ್ಟಿಕ್ ಮುಟ್ಟಬೇಡ. ಫೈನಲ್ ಆದರೂ ಸರಿ. ಫೈನಲ್ ಆದರೂ ಅಂತ ಬರೆದಿದ್ದೇನೆ, ಇನ್ನೊಮ್ಮೆ ಓದು.

ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ, ಗೊತ್ತಾಗುತ್ತಿದೆ. ನಿಮ್ಮಪ್ಪ ಈಗ ಹಿಂದೆ ನಿಂತು ಓದಿ, "ಧೈರ್ಯ ಹೇಳೋದಕ್ಕೆ ಬರೀತಿದ್ದೀಯೋ, ಹೆದರಿಸೋದಕ್ಕೋ?" ಅಂದರು. ಹಾಗಾದರೆ ಧೈರ್ಯದ ಮಾತೂ ಹೇಳುತ್ತೇನೆ. ಟೋಕಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ನಮ್ಮ ಗಂಡು ಹುಡುಗರು ಜರ್ಮನಿ ಮೇಲೆ 5-4 ಮುಂದಿದ್ದಾಗ, ಪಂದ್ಯ ಮುಗಿಯಲು ಏಳು ಸೆಕೆಂಡೂ ಇಲ್ಲದಾಗ ಅವರಿಗೆ ಕಾರ್ನರ್ ಸಿಕ್ಕಿತು. ಗೋಲಿ ಶ್ರೀಜೇಶ್ ಅದನ್ನು ತಡೆದದ್ದು ಎಲ್ಲರಿಗೂ ನೆನಪಿದೆ. ಆ ಟೀಮಿನ ಫಸ್ಟ್ ರಷರ್ ಅಮಿತ್ ರೋಹಿದಾಸ್ ಹೆಸರು ಎಷ್ಟು ಜನಕ್ಕೆ ನೆನಪಿದೆ? ಪ್ಯಾರಿಸ್‌ನಲ್ಲಿ ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲೇ ಅವರಿಗೆ ಕೆಂಪು ಕಾರ್ಡ್ ಬಂತು, ಹತ್ತೇ ಜನ ಉಳಿದು ಶೂಟ್‌ಔಟ್‌ನಲ್ಲಿ ಗೆದ್ದರು. ಆದರೆ ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಅವರು ನಿಷೇಧದಲ್ಲಿದ್ದರು. ಅವತ್ತು ಜರ್ಮನಿಯ ಮೊದಲ ಗೋಲು ಪೈಲಾಟ್ ಹೊಡೆದ ಪೆನಾಲ್ಟಿ ಕಾರ್ನರ್, ಪಂದ್ಯ 2-3. ರೋಹಿದಾಸ್ ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ನಾನು ಹೇಳುವುದಿಲ್ಲ. ಫಸ್ಟ್ ರಷರ್ ಇರುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಇಲ್ಲದ ದಿನ ಎಲ್ಲರೂ ಹುಡುಕುತ್ತಾರೆ. ಆ ಜಾಗಕ್ಕೆ ನಿನ್ನನ್ನು ಆರಿಸಿದ್ದಾರೆ. ನಿನ್ನೆ ಫೋನಿನಲ್ಲಿ ನಾನು ಹೇಳಬೇಕಾಗಿದ್ದದ್ದು ಇದು.

ಬರ್ಮಿಂಗ್‌ಹ್ಯಾಮ್‌ನ 2022ರ ಕಾಮನ್‌ವೆಲ್ತ್ ಗೇಮ್ಸ್ ಮಹಿಳಾ ಸೆಮಿಫೈನಲನ್ನೂ ನೆನಪಿಟ್ಟುಕೊ. ಆಸ್ಟ್ರೇಲಿಯಾ ವಿರುದ್ಧ ಶೂಟ್‌ಔಟ್‌ನಲ್ಲಿ ನಮ್ಮ ಗೋಲಿ ಸವಿತಾ ಮೊದಲ ಪ್ರಯತ್ನವನ್ನು ತಡೆದರು. ಒಂದೊಂದು ಪ್ರಯತ್ನಕ್ಕೂ ಇರುವ ಎಂಟು ಸೆಕೆಂಡಿನ ಗಡಿಯಾರ ಶುರುವಾಗಿರಲಿಲ್ಲ ಅಂತ ಮತ್ತೆ ಆಡಿಸಿದರು, ಗೋಲಾಯಿತು, 0-3ರಿಂದ ಸೋತರು. ಆ ಅನ್ಯಾಯಕ್ಕೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆದರೆ ಅದೇ ಹುಡುಗಿಯರು ಆಮೇಲೆ ನ್ಯೂಜಿಲೆಂಡ್ ಮೇಲೆ ಕೊನೇ ಅರೆಗಳಿಗೆಯಲ್ಲಿ ಸಮಗೋಲು ಬಿಟ್ಟುಕೊಟ್ಟೂ ಶೂಟ್‌ಔಟ್ ಗೆದ್ದು ಕಂಚು ತಂದರು. ನಿನ್ನ ಕೆಲಸದಲ್ಲೂ ಮುಗಿಯಿತು ಅಂದುಕೊಂಡದ್ದು ಮುಗಿದಿರುವುದಿಲ್ಲ. ಕಾಲಿಗೆ ತಾಗಿತು, ಮತ್ತೊಂದು ಕಾರ್ನರ್. ಮತ್ತೆ ತಾಗಿತು, ಮತ್ತೊಂದು. 15 ನಿಮಿಷದ ಕ್ವಾರ್ಟರ್ ಮುಗಿದರೂ ಕಾರ್ನರ್ ಮುಗಿಯುವವರೆಗೆ ಆಟ ಮುಗಿಯದು. ಮೂರನೇ ಸಲ ಓಡುವಾಗ ಉಸಿರು ಕಟ್ಟಿ ಸ್ಟಿಕ್ ಮೇಲೇಳುತ್ತದೆ, ಪೆಟ್ಟು ಬೀಳುವುದು ಆಗಲೇ. ಹಾಗನ್ನಿಸಿದರೆ ಕೈ ಎತ್ತಿ ಎರಡನೆಯವಳನ್ನು ಓಡಿಸು. ಅದರಲ್ಲಿ ಮರ್ಯಾದೆ ಹೋಗುವುದೇನಿಲ್ಲ. ಕೋಚ್ ಹತ್ತಿರ ಇವತ್ತೇ ಈ ಮಾತು ಆಡಿಟ್ಟುಕೊ, ಮೈದಾನದಲ್ಲಿ ಹೊಸದಾಗಿ ಹೇಳುವ ವಿಷಯವಲ್ಲ ಇದು.

ಈ ಪತ್ರದ ಜೊತೆ ಮಾಸ್ಕಿಗೆ ಎರಡು ಹೊಸ ಪಟ್ಟಿ ಇಟ್ಟಿದ್ದೇನೆ. ಹಳೆಯದರ ಎಲಾಸ್ಟಿಕ್ ಎಳೆದಾಗ ವಾಪಸ್ ಬಿಗಿಯುತ್ತಿಲ್ಲ ಅಂದರೆ ಇವತ್ತೇ ಬದಲಾಯಿಸು, ಹಾಕಿ ಓಡಿ ನೋಡು, ಆಮೇಲೆ ಫೋನ್ ಮಾಡು. ನಾನು ಎತ್ತಿದರೆ ಇಡಬೇಡ. ನಿಮ್ಮಪ್ಪ ಹುರಿಗಾಳು ಬೇರೆ ಕಟ್ಟಿದ್ದಾರೆ, ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಕೇಳಿಕೊ.

ನಿನ್ನ
ಅಮ್ಮ