ಜನರೇಟರ್ ಮತ್ತೆ ಅದೇ ಹಳ್ಳದಲ್ಲಿದೆ: ಕೇಂದ್ರ ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಆರೋಗ್ಯ ಸಚಿವರೇ,

ನಮಸ್ಕಾರ. ವರ್ಷಗಳಿಂದ ಮನಸ್ಸಿನಲ್ಲೇ ಬರೆದು ಅಳಿಸುತ್ತಿದ್ದ ಪತ್ರ ಇದು. ಕಳೆದ ತಿಂಗಳು ಅಮ್ಮನ ಹಳೆಯ ರಿಪೋರ್ಟ್ ಬೇಕಾಗಿ ಆ ಆಸ್ಪತ್ರೆಗೆ ಮತ್ತೆ ಹೋಗಿದ್ದೆ. ಕಾಲು ತಾನಾಗೇ ನೆಲಮಾಳಿಗೆಯ ಕಡೆ ತಿರುಗಿತು. ಅಲ್ಲಿ ಹೊಸ ಜನರೇಟರ್ ಇದೆ. ಹಳೆಯದು ಮುಳುಗಿದ ಅದೇ ಜಾಗದಲ್ಲಿ. ಗೋಡೆಯ ಮೇಲೆ ನೆರೆ ನುಗ್ಗಿದ ಆ ರಾತ್ರಿಯ ನೀರಿನ ಗೆರೆ ನನ್ನ ಎದೆಮಟ್ಟಕ್ಕೆ ಇನ್ನೂ ಕಾಣುತ್ತದೆ. ಮನೆಗೆ ಬಂದವಳೇ ಬರೆಯಲು ಕೂತೆ.

ಆ ರಾತ್ರಿ ಅಮ್ಮ ವೆಂಟಿಲೇಟರ್ ಮೇಲಿದ್ದರು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಸಂಜೆ ಕರೆಂಟು ಹೋಯಿತು, ಜನರೇಟರ್ ಶುರುವಾಯಿತು, ಎಲ್ಲರೂ ಉಸಿರು ಬಿಟ್ಟೆವು. ರಾತ್ರಿ ಅದೂ ನಿಂತಿತು. ನೆಲಮಾಳಿಗೆಗೆ ನೀರು ನುಗ್ಗಿತ್ತು. ವೆಂಟಿಲೇಟರಿನ ಬ್ಯಾಟರಿ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ನರ್ಸ್ ಓಡಿ ಬಂದು ನನ್ನ ಕೈಗೆ ಒಂದು ಅಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ತುಂಬುವ ಚೀಲ, ಕೊಟ್ಟರು. "ಐದಾರು ಸೆಕೆಂಡಿಗೆ ಒಂದು ಸಲ ಒತ್ತಿ, ಎಣಿಸ್ತಾ ಇರಿ, ನಿಲ್ಲಿಸಬೇಡಿ" ಅಂದರು. ಮೊಬೈಲ್ ಬೆಳಕಿನಲ್ಲಿ ಒತ್ತಿದೆ. ಕೈ ಮರಗಟ್ಟಿತು. ತಮ್ಮ ಬಂದು ಹಿಡಿದ, ಆಮೇಲೆ ಮತ್ತೆ ನಾನು. ಲಿಫ್ಟ್ ಇಲ್ಲ, ನೀರಿಲ್ಲ, ಫೋನ್ ಸಿಗುತ್ತಿಲ್ಲ. ಬೆಳಗ್ಗೆ ನಾಲ್ಕು ಜನ ಅಮ್ಮನನ್ನು ಬೆಡ್‌ಶೀಟಿನಲ್ಲಿ ಎತ್ತಿ ಮೆಟ್ಟಿಲಿಳಿಸಿ ಟ್ರ್ಯಾಕ್ಟರಿನಲ್ಲಿ ಮಲಗಿಸಿದರು. ಅಮ್ಮ ಉಳಿದರು. ಪಕ್ಕದ ಹಾಸಿಗೆಯ ಅಜ್ಜ ಉಳಿಯಲಿಲ್ಲ. ಅವರ ಮಗ ಊರಿಂದ ಹೊರಟಿದ್ದರು, ರಸ್ತೆ ಮುಳುಗಿತ್ತು. ಆ ರಾತ್ರಿ ಅಜ್ಜನಿಗೆ ಬ್ಯಾಗ್ ಒತ್ತಲು ನರ್ಸ್ ಒಬ್ಬರೇ, ಆ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳು ಇನ್ನೂ ಐದು ಜನ.

ಆ ನರ್ಸ್ ಮೇಲೆ ನನಗೆ ಕೋಪವಿಲ್ಲ. ಅವರು ದೇವರ ಹಾಗೆ ದುಡಿದರು. ಕೋಪ ಇರುವುದು ಜನರೇಟರನ್ನು ಹಳ್ಳದಲ್ಲಿ ಇಡಿಸಿದವರ ಮೇಲೆ, ಅದು ಮುಳುಗಿದ ಮೇಲೂ ಹೊಸದನ್ನು ಅಲ್ಲೇ ಇಡಿಸಿದವರ ಮೇಲೆ.

ನಿಯಮಗಳು ನಿಮಗೆ ಗೊತ್ತೇ ಇವೆ. ಆಸ್ಪತ್ರೆ ಸುರಕ್ಷತೆಗೆಂದೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಮಾರ್ಗಸೂಚಿ ತಂದಿದೆ. ಆ ಪ್ರಾಧಿಕಾರಕ್ಕೆ ಪ್ರಧಾನಿಯವರೇ ಅಧ್ಯಕ್ಷರು. ಪ್ರತಿ ಸಚಿವಾಲಯವೂ ತನ್ನ ವಿಪತ್ತು ಯೋಜನೆ ಮಾಡಬೇಕೆಂದು 2005ರ ವಿಪತ್ತು ನಿರ್ವಹಣಾ ಕಾಯ್ದೆ ಹೇಳುತ್ತದೆ. 2015ರಲ್ಲಿ ವಿಪತ್ತಿನ ಹಾನಿ ತಗ್ಗಿಸುವ ಅಂತರರಾಷ್ಟ್ರೀಯ ಸೆಂಡೈ ಒಪ್ಪಂದಕ್ಕೆ ನಮ್ಮ ದೇಶವೂ ಒಪ್ಪಿದೆ. ವಿಪತ್ತಿನಲ್ಲಿ ಆಸ್ಪತ್ರೆಗಳಿಗೆ ಆಗುವ ಹಾನಿಯನ್ನು 2030ರ ಹೊತ್ತಿಗೆ ಗಣನೀಯವಾಗಿ ತಗ್ಗಿಸುವುದೂ ಅದರ ಗುರಿಗಳಲ್ಲಿ ಸೇರಿದೆ. ಕಾಗದದ ಮೇಲೆ ನಮಗೆ ಏನೂ ಕಮ್ಮಿ ಇಲ್ಲ ಸಚಿವರೇ. ಆದರೆ ಆ ಕಾಗದ ನಮ್ಮ ಆಸ್ಪತ್ರೆಯ ನೆಲಮಾಳಿಗೆಗೆ ಇಳಿದೇ ಇಲ್ಲ.

ಕಲಿಯಲು ಪಾಠಗಳೂ ಕಮ್ಮಿಯಿಲ್ಲ. 2001ರಲ್ಲಿ ಭುಜ್ ಭೂಕಂಪಕ್ಕೆ ಜಿಲ್ಲಾಸ್ಪತ್ರೆಯೇ ಕುಸಿಯಿತು. ಗಾಯಗೊಂಡವರು ಓಡಬೇಕಿದ್ದ ಜಾಗವೇ ಇಲ್ಲವಾಯಿತು. 2015ರ ಚೆನ್ನೈ ನೆರೆಯಲ್ಲಿ ಒಂದು ದೊಡ್ಡ ಆಸ್ಪತ್ರೆಯ ಜನರೇಟರ್ ಮುಳುಗಿತು, ಅಲ್ಲಿನ ಹಲವು ಐಸಿಯು ರೋಗಿಗಳು ತೀರಿಕೊಂಡರು. 2021ರ ಜನವರಿಯಲ್ಲಿ ಭಂಡಾರಾ ಜಿಲ್ಲಾಸ್ಪತ್ರೆಯ ಬೆಂಕಿಗೆ 10 ಹಸುಗೂಸುಗಳು ಹೋದವು. 2024ರ ನವೆಂಬರಿನಲ್ಲಿ ಝಾನ್ಸಿಯಲ್ಲೂ ಒಂದೇ ರಾತ್ರಿ 10 ಹಸುಗೂಸುಗಳು. ಪ್ರತಿ ಸಲ ಪರಿಹಾರ, ತನಿಖೆ. ಸಾಕಾಗಿದೆ.

ಮಾಡಲು ಆಗುವುದಿಲ್ಲ ಅನ್ನಬೇಡಿ. ಅದೇ ಭುಜ್‌ನಲ್ಲಿ ಹೊಸ ಆಸ್ಪತ್ರೆಯನ್ನು ಅಡಿಪಾಯಕ್ಕೂ ಕಟ್ಟಡಕ್ಕೂ ನಡುವೆ ರಬ್ಬರ್ ಬೇರಿಂಗ್ ಇಟ್ಟು ಕಟ್ಟಿದರು. ನೆಲ ಅಲುಗಿದರೂ ಮೇಲಿನ ಕಟ್ಟಡಕ್ಕೆ ಅಷ್ಟು ಪೆಟ್ಟು ತಾಗುವುದಿಲ್ಲ. ನಾನು ಕೇಳುತ್ತಿರುವುದು ಅಷ್ಟು ದೊಡ್ಡದೂ ಅಲ್ಲ. ಜನರೇಟರ್, ಸ್ವಿಚ್‌ಬೋರ್ಡ್, ಆಕ್ಸಿಜನ್ ಲೈನು ನೆರೆ ಮುಟ್ಟದ ಎತ್ತರಕ್ಕೆ ಬರಲಿ. ನೀರಿನ ಟ್ಯಾಂಕು, ಸಿಲಿಂಡರ್, ಕಪಾಟುಗಳನ್ನು ಗೋಡೆಗೆ ಬಿಗಿಯಲಿ. ತುರ್ತು ನಿರ್ಗಮನದ ಬಾಗಿಲಿಗೆ ಬೀಗ ಬೇಡ. ರಾತ್ರಿ ಪಾಳಿಯವರಿಗೂ ಅಣಕು ಕಾರ್ಯಾಚರಣೆ ಆಗಲಿ, ಹಗಲು ಫೋಟೋಗೆ ಮಾತ್ರ ಅಲ್ಲ. ಆಸ್ಪತ್ರೆಗೆ ಅಂಕ ಕೊಟ್ಟು ಅಳೆಯುವ ಸುರಕ್ಷತಾ ಸೂಚ್ಯಂಕವನ್ನು ವಿಶ್ವ ಆರೋಗ್ಯ ಸಂಸ್ಥೆ ತಯಾರು ಮಾಡಿಯೇ ಕೊಟ್ಟಿದೆ. ಹೊಸದಾಗಿ ಸಮಿತಿ ಮಾಡುವ ಅಗತ್ಯವೇ ಇಲ್ಲ, ಅಲ್ವಾ?

ಆರೋಗ್ಯ ರಾಜ್ಯದ ವಿಷಯ ಎಂದು ನಿಮ್ಮ ಕಚೇರಿ ಉತ್ತರ ಬರೆಯಬಹುದು. ರಾಜ್ಯಕ್ಕೆ ಬರೆದರೆ ದುಡ್ಡು ದೆಹಲಿಯಿಂದ ಬರಬೇಕು ಅನ್ನುತ್ತಾರೆ. ವಿಪತ್ತು ಬರುವ ಮುಂಚೆಯೇ ಖರ್ಚು ಮಾಡಲೆಂದು 15ನೇ ಹಣಕಾಸು ಆಯೋಗ 2021-26ರ ಅವಧಿಗೆ ರಾಷ್ಟ್ರೀಯ ನಿಧಿಯೊಂದಕ್ಕೆ 13,693 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರಲ್ಲಿ ಆಸ್ಪತ್ರೆಗಳಿಗೆ ಹೋಗಿದ್ದೆಷ್ಟು? ಲೆಕ್ಕ ಕೊಡಿ. ನಿಮ್ಮಿಬ್ಬರ ನಡುವೆ ಅಲೆದಾಡಲು ನಮಗೆ ಶಕ್ತಿಯಿಲ್ಲ.

ನನ್ನ ಬೇಡಿಕೆ ಒಂದೇ. ದೇಶದ ಪ್ರತಿ ಆಸ್ಪತ್ರೆಯ ಸುರಕ್ಷತೆಯನ್ನೂ ಪರೀಕ್ಷೆ ಮಾಡಿಸಿ. ಅದಕ್ಕೆ ಕೊನೆಯ ದಿನಾಂಕ ಹಾಕಿ. ಫಲಿತಾಂಶವನ್ನು ಆಯಾ ಆಸ್ಪತ್ರೆಯ ಬಾಗಿಲಲ್ಲೇ ನಮ್ಮ ಭಾಷೆಯಲ್ಲಿ ಅಂಟಿಸಿ. ಅಮ್ಮನನ್ನು ಒಳಗೆ ಕರೆದೊಯ್ಯುವ ಮುಂಚೆ ನಾನು ಅದನ್ನು ಓದಬೇಕು. ದಿನಾಂಕ ಹಾಕಿ ಸಚಿವರೇ. ಪ್ರಯತ್ನಿಸುತ್ತೇವೆ ಎಂಬ ಉತ್ತರ ಬೇಡ, ದಿನಾಂಕ ಬೇಕು.

ಅಮ್ಮನಿಗೆ ಈಗಲೂ ಆಗಾಗ ಉಸಿರಾಟದ ತೊಂದರೆ ಬರುತ್ತದೆ. ನಮಗೆ ಹತ್ತಿರ ಇರುವುದು ಅದೊಂದೇ ಆಸ್ಪತ್ರೆ. ಜೂನ್ ಬಂದರೆ ಮಳೆ ಶುರು.

ಇಂತಿ,
ಒಬ್ಬ ರೋಗಿಯ ಮಗಳು